ಓನರಮ್ಮನ ಇನ್ನೊಂದು ಕಣ್ಣು

ಮೊನ್ನೆ ಸಿಟಿ ಬಸ್ಸಿನಲ್ಲಿ ನನ್ನ ಮುಂದಿನ ಸೀಟಿಗೆ ಬಂದು ಕೂತ ಹೆಂಗಸೊಬ್ಬರು ಪರ್ಸಿನಿಂದ ಪುಟ್ಟ ಡಬ್ಬಿ ತೆಗೆದು ಕಣತಲೆಗೆ ಮುಲಾಮು ತಿಕ್ಕಿಕೊಂಡರು. ಹೊರಗೆ ತುಂತುರು ಬೀಳುತ್ತಿದ್ದುದರಿಂದ ಕಿಟಕಿಗಳೆಲ್ಲ ಮುಚ್ಚಿದ್ದವು. ಅವರ ಜಡೆಯಲ್ಲಿ ಆಗಷ್ಟೇ ಮುಡಿದ ಮಲ್ಲಿಗೆ ಇತ್ತು. ಮುಲಾಮಿನ ಘಾಟು, ಹೂವಿನ ಘಮ ಎರಡೂ ಬೆರೆತು ಮೂಗಿಗೆ ಬಂದದ್ದೇ ತಡ, ನಾನು ಇಳಿಯಬೇಕಾದ ಸ್ಟಾಪು ದಾಟಿಹೋದದ್ದೂ ನನಗೆ ತಿಳಿಯಲಿಲ್ಲ. ಆ ಎರಡು ವಾಸನೆ ಒಟ್ಟಿಗೆ ಬಂದರೆ ನನ್ನ ಪಾಲಿಗೆ ಅದು ಒಬ್ಬರೇ... ಮಂಡಿ ಮೊಹಲ್ಲಾದ ನಮ್ಮ ಓನರಮ್ಮ.

ಮದುವೆಯಾದ ಕೆಲವು ವರ್ಷಕ್ಕೆ ನಾನೂ ನಮ್ಮ ಮನೆಯವರೂ ಅವರ ಮನೆಯ ಹಿಂಭಾಗಕ್ಕೆ ಬಾಡಿಗೆಗೆ ಹೋಗಿದ್ದೆವು. ಒಂದು ಕೋಣೆ, ಒಂದು ಅಡುಗೆಮನೆ, ಅಷ್ಟೆ. ಬೀದಿಯ ಕಡೆ ಬೆಲ್ಲದ, ಈರುಳ್ಳಿಯ ಸಗಟು ಅಂಗಡಿಗಳು. ಪಕ್ಕದಲ್ಲಿ ಮರಗೆಲಸದವರ ಶೆಡ್ಡು. ಬೆಳಗಾದರೆ ಗಾಡಿಗಳ ಗಲಾಟೆ, ಗರಗಸದ ಸದ್ದು. ಹಿತ್ತಿಲಿಗೆ ಬಂದರೆ ಮಾತ್ರ ಬೇರೆ ಊರಿಗೇ ಬಂದಂತೆ. ಒಗೆಯುವ ಕಲ್ಲು, ನಲ್ಲಿ, ಗೋಡೆಯ ಪಕ್ಕ ಒಂದು ದಾಸವಾಳ, ಎರಡು ಮನೆಗೂ ಸೇರಿ ಒಂದೇ ಬಟ್ಟೆ ತಂತಿ. ನನ್ನ ದಿನದ ಮುಕ್ಕಾಲು ಭಾಗ ಆ ಹಿತ್ತಿಲಿನಲ್ಲೇ ಕಳೆಯುತ್ತಿತ್ತು, ಅವರದ್ದೂ ಅಷ್ಟೆ.

ಓನರಮ್ಮನ ಗಂಡ ಶಿರಸ್ತೇದಾರರು. ತಾಲ್ಲೂಕು ಕಚೇರಿಯಿಂದ ನಿವೃತ್ತರಾಗಿ ಬಂದಮೇಲೆ ಮನೆಯನ್ನೇ ಕಚೇರಿ ಮಾಡಿಕೊಂಡಿದ್ದರು. ಬೀದಿಯವರೆಲ್ಲ ಅವರನ್ನು ಶಿರಸ್ತೇದಾರರೆಂದೇ ಕರೆಯುತ್ತಿದ್ದರು, ಅವರಿಗೂ ಅದೇ ಇಷ್ಟ. ಅವರ ತಂದೆ ಅರಮನೆಯಲ್ಲಿ ಕೆಲಸಕ್ಕಿದ್ದವರಂತೆ. ಪೇಟ ಕಟ್ಟಿದ ಅವರ ಫೋಟೋ ನಡುಮನೆಯ ಗೋಡೆಯ ಮೇಲಿತ್ತು. ಕೆಟ್ಟವರೆಂದು ಹೇಳಲಾರೆ. ಕೂಗಾಡುವವರಲ್ಲ, ಕೈ ಎತ್ತುವವರಲ್ಲ. ಆದರೆ ಅಡುಗೆಮನೆಯಿಂದ ಬಂದ ಯಾವ ಅಹವಾಲೂ ಅವರ ಬಳಿ ಒಂದೇ ಸಲಕ್ಕೆ ಮಂಜೂರಾಗುತ್ತಿರಲಿಲ್ಲ. ಮಿಕ್ಸಿ ಕೆಟ್ಟಿದೆ ಅಂದರೆ, 'ಸರಿಯಾಗಿ ನೋಡು' ಎನ್ನುವರು. ನೆಂಟರ ಮನೆಗೆ ಹೋಗಬೇಕು ಅಂದರೆ, 'ನೋಡೋಣ' ಎನ್ನುವರು. ಆ 'ನೋಡೋಣ' ಕೆಲವು ಸಲ ವರ್ಷಗಟ್ಟಲೆ ಹಾಗೆಯೇ ಕೂತಿರುತ್ತಿತ್ತು. ಒಬ್ಬಳೇ ಮಗಳು ಮದುವೆಯಾಗಿ ಹಾಸನದಲ್ಲಿದ್ದಳು.

ಓನರಮ್ಮ ಸೀರೆಗೆ ಕುಚ್ಚು ಹಾಕುತ್ತಿದ್ದರು. ಮಧ್ಯಾಹ್ನ ಪಾತ್ರೆ ತೊಳೆದು ಮುಗಿಸಿ, ಹಿತ್ತಿಲ ಬಾಗಿಲಿನ ಮೆಟ್ಟಿಲ ಮೇಲೆ ಬೆಳಕಿಗೆ ಮುಖಮಾಡಿ ಕೂರುವರು. ಸೆರಗನ್ನು ಕಿಟಕಿಯ ಸರಳಿಗೆ ಬಿಗಿಯುವರು. ಅಂಚಿನ ಎಳೆಗಳನ್ನು ಬಿಡಿಸಿ, ಗಂಟು ಹಾಕಿ, ಬಣ್ಣದ ರೇಷ್ಮೆ ದಾರ ಸೇರಿಸಿ, ಮೇಲೊಂದು ಸುತ್ತು ಜರಿ. ಕೆಲವಕ್ಕೆ ಮಣಿಯೂ ಇರುತ್ತಿತ್ತು. ಸೀರೆ ಅಂಗಡಿಯವರು ಗಂಟು ಕಟ್ಟಿ ಕಳಿಸುತ್ತಿದ್ದರು. ಶಿರಸ್ತೇದಾರರಿಗೆ ಇದು ಹಿಡಿಸುತ್ತಿರಲಿಲ್ಲ. ಅರಮನೆಯ ಸಂಬಂಧದ ಮನೆಯಲ್ಲಿ ಕಂಡವರ ಸೆರಗು ಹಿಡಿದುಕೊಂಡು ಕೂರುವುದೇ ಎಂದು ಅವರಿಗೆ ಒಳಗೊಳಗೇ ಇರಿಸುಮುರಿಸು. ಅಂಗಡಿಯವರು ಬಂದರೆ ಪೇಪರನ್ನು ಮುಖದ ಮಟ್ಟಕ್ಕೆ ಎತ್ತಿ ಹಿಡಿಯುತ್ತಿದ್ದರು.

ಓನರಮ್ಮನಿಗೆ ಕುಚ್ಚಿಗಿಂತಲೂ ಬಣ್ಣ ಹೊಂದಿಸುವುದೇ ದೊಡ್ಡ ಸುಖ. ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು, ದಾರದ ಲಡಿಯನ್ನು ಸೀರೆಯ ಮೇಲಿಟ್ಟು, ಒಮ್ಮೆ ಬಿಸಿಲಿಗೆ ಒಮ್ಮೆ ನೆರಳಿಗೆ ಹಿಡಿದು ನೋಡುವರು. ನನಗೆ ಎರಡೂ ಒಂದೇ ಹಸಿರು ಅನ್ನಿಸಿದರೆ ಅವರಿಗೆ ಒಂದು ಗಿಳಿಹಸಿರು, ಇನ್ನೊಂದು ಎಳೆಬಾಳೆ. ಒಂದು ಸಲ ಈರುಳ್ಳಿ ಸಿಪ್ಪೆ ಬಣ್ಣದ ಸೀರೆಗೆ ಎಲ್ಲಿ ಹುಡುಕಿದರೂ ದಾರ ಸಿಗಲಿಲ್ಲವೆಂದು ಅಂಗಡಿಯವರು ಕೈಚೆಲ್ಲಿದಾಗ, ಬೀದಿಗೆ ಹೋಗಿ ಮಂಡಿಯ ಮುಂದೆ ಬಿದ್ದಿದ್ದ ಸಿಪ್ಪೆಯನ್ನೇ ಮಡಿಲಿಗೆ ತುಂಬಿಕೊಂಡು ಬಂದು, ಅದನ್ನು ಮುಂದಿಟ್ಟುಕೊಂಡು ಎರಡು ಬಣ್ಣದ ದಾರ ಹೊಸೆದಿದ್ದರು. 'ನಮ್ಮ ಬೀದೀಲಿ ಮಾದರಿಗೇನು ಬರ ಕಣಮ್ಮ?' ಎಂದು ನಕ್ಕಿದ್ದರು.

ತಲೆನೋವು ಯಾವಾಗ ಶುರುವಾಯಿತೋ ಸರಿಯಾಗಿ ನೆನಪಿಲ್ಲ... ಆ ವರ್ಷದ ಬೇಸಿಗೆ ಶುರುವಿನಲ್ಲಿರಬೇಕು. ಎಡಗಡೆಯ ಕಣತಲೆಯಲ್ಲಿ, ಕಿವಿಯ ಮೇಲ್ಭಾಗಕ್ಕೆ. ಮೊದಮೊದಲು ಮುಲಾಮು ಹಚ್ಚಿಕೊಂಡು ಸುಮ್ಮನಾಗುತ್ತಿದ್ದರು. ಆಮೇಲೆ ಬಾಚಣಿಗೆ ಸೋಕಿದರೆ ಸಾಕು, ಹಲ್ಲು ಕಚ್ಚಿಕೊಳ್ಳುವಂತಾಯಿತು. ದಿಂಬಿಗೆ ಆ ಕಡೆ ತಲೆಯಿಡಲು ಆಗುವುದಿಲ್ಲ ಎನ್ನುತ್ತಿದ್ದರು. ಒಂದು ಮಧ್ಯಾಹ್ನ, ಏನಾದರೂ ಕಚ್ಚಿದೆಯಾ ನೋಡು ಎಂದು ಕೂದಲು ಸರಿಸಿ ತೋರಿಸಿದರು. ಕಚ್ಚಿದ ಗುರುತೇನೂ ಇರಲಿಲ್ಲ. ಒಂದು ನರ ಮಾತ್ರ ಹುರಿ ಮಾಡಿದ ದಾರದ ಹಾಗೆ ಉಬ್ಬಿ, ಸೊಟ್ಟಸೊಟ್ಟಗೆ ಹರಿದಿತ್ತು. ನಾನು ಬೆರಳಿಟ್ಟದ್ದೇ ತಡ, ಅವರು ಅಮ್ಮಾ ಎಂದು ತಲೆ ಹಿಂದಕ್ಕೆ ಎಳೆದುಕೊಂಡರು.

ಗಂಡನಿಗೆ ಹೇಳಿದ್ದಕ್ಕೆ, ದಾರ ನೋಡಿ ನೋಡಿ ಬಂದ ತಲೆನೋವು ಅದು, ಕುಚ್ಚು ಬಿಟ್ಟರೆ ತಾನೇ ಹೋಗುತ್ತದೆ ಎಂದು ತೀರ್ಪಾಯಿತು. ಅಲ್ಲಿಂದಾಚೆಗೆ ಓನರಮ್ಮ ಅವರ ಮುಂದೆ ತಲೆನೋವಿನ ಮಾತೇ ಎತ್ತಲಿಲ್ಲ. ನೋವು ಹೇಳಿಕೊಂಡರೆ ದಾರ ಕೈಬಿಡಬೇಕಲ್ಲ. ಮುಲಾಮನ್ನೂ ಗಂಡ ಪೇಪರ್ ಓದುವ ಹೊತ್ತಿನಲ್ಲಿ ಹಿತ್ತಿಲಿಗೆ ಬಂದು ಹಚ್ಚಿಕೊಳ್ಳುತ್ತಿದ್ದರು.

ಹೂವಿನದು ಇನ್ನೊಂದು ಕಥೆ. ದಿನಾ ಸಂಜೆ ಹೂವು ಮುಡಿಯುವುದು ಅವರ ಮನೆಯಲ್ಲಿ ನಡೆದುಬಂದ ಪದ್ಧತಿ. ತಲೆಗೆ ಏನೂ ತಾಕಿಸಲಾಗದೆ ಒಂದು ದಿನ ಬಿಟ್ಟರು. ಅದನ್ನು ಮಾತ್ರ ಶಿರಸ್ತೇದಾರರು ತಕ್ಷಣ ಗಮನಿಸಿದರು.

'ಯಾಕೆ, ಬರೀ ತಲೇಲಿ ಓಡಾಡ್ತಿದ್ದೀಯ? ನಾನಿನ್ನೂ ಇದ್ದೀನಿ ಕಣೇ.'

'ಇದ್ದೀರ ಅಂತ ತಲೆ ಹೇಳ್ತಾನೇ ಇದೆಯಲ್ರೀ.'

ಅವರು ನಕ್ಕರು. ಇವರು ಎದ್ದು ಹೋಗಿ ಹೂವು ಮುಡಿದುಕೊಂಡು ಬಂದರು. ಹೇರ್‌ಪಿನ್ನು ಸಿಕ್ಕಿಸುವಾಗ ಕಣ್ಣಲ್ಲಿ ನೀರು ತುಂಬಿದ್ದನ್ನು ನಾನು ಹಿತ್ತಿಲ ಬಾಗಿಲಿನಿಂದ ಕಂಡೆ. ಮುಲಾಮು ಮತ್ತು ಮಲ್ಲಿಗೆ ಆ ದಿನದಿಂದ ಜೊತೆಯಾದವು.

ಅದರ ಜೊತೆಗೇ ಬೇರೆ ಬೇರೆ ಕಷ್ಟಗಳೂ ಬಂದವು. ಚಪಾತಿ ಅಗಿಯುತ್ತ ಅಗಿಯುತ್ತ ದವಡೆ ಸೋತು, ತುತ್ತನ್ನು ಬಾಯಲ್ಲೇ ಇಟ್ಟುಕೊಂಡು ಸುಧಾರಿಸಿಕೊಳ್ಳಬೇಕಾಗುತ್ತಿತ್ತು. ಹಲ್ಲಿನ ಡಾಕ್ಟರು ನೋಡಿ ಒಂದು ಹಲ್ಲು ಕಿತ್ತರು. ಹಲ್ಲು ಹೋಯಿತು, ದವಡೆ ನೋವು ಅಲ್ಲೇ ಇತ್ತು. ಬೆಳಗ್ಗೆ ಎದ್ದರೆ ಭುಜ ಎತ್ತಲು ಬರುತ್ತಿರಲಿಲ್ಲ. ತಂತಿಗೆ ಬಟ್ಟೆ ಹಾಕುವುದು ನನ್ನ ಪಾಲಿಗೆ ಬಂತು. ಎಣ್ಣೆ ತಿಕ್ಕುವ ಹೆಂಗಸು ಬಂದು, ವಾಯು ಎಂದು ಹೇಳಿ ವಾರಗಟ್ಟಲೆ ತಿಕ್ಕಿದಳು. ಸಂಜೆಯಾದರೆ ಮೈ ಬೆಚ್ಚಗಾಗುತ್ತಿತ್ತು. ಬೀದಿಯ ಕೊನೆಯ ಕ್ಲಿನಿಕ್ಕಿನವರು ಜ್ವರದ ಮಾತ್ರೆ ಕೊಟ್ಟರು. ರವಿಕೆಗಳು ಸಡಿಲವಾದವು. ಅದಕ್ಕೆ ಅವರೇ, ಈ ವಯಸ್ಸಲ್ಲಿ ಸಣ್ಣಗಾದೆ ನೋಡು, ಮದುವೆಯಲ್ಲಿ ಉಟ್ಟ ಸೀರೆಯ ರವಿಕೆ ಹಿಡಿಸುತ್ತೆ ಎಂದು ತಮಾಷೆ ಮಾಡಿಕೊಂಡರು.

ದವಡೆಗೆ ಒಬ್ಬರು, ಭುಜಕ್ಕೆ ಒಬ್ಬರು, ಜ್ವರಕ್ಕೆ ಒಬ್ಬರು. ಎಲ್ಲರೂ ತಮ್ಮ ತಮ್ಮ ಪಾಲಿನದನ್ನು ನೋಡಿ ಹೋದರು.

ಆಷಾಢ ಹುಟ್ಟಿ ಸ್ವಲ್ಪ ದಿನವಾಗಿತ್ತು. ಅದಕ್ಕೂ ಮುಂಚೆ ಒಂದೆರಡು ಸಲ, ಎಡಗಣ್ಣಿಗೆ ಕರೆಂಟು ಡಿಮ್ಮಾದ ಹಾಗೆ ಆಗಿ ಮತ್ತೆ ಬೆಳಕು ಬಂತು ಎಂದಿದ್ದರು. ಆ ಬೆಳಗ್ಗೆ ನಾನು ಬಟ್ಟೆ ನೆನೆಸುತ್ತಿದ್ದೆ. ಅವರು ಬಂದು ಒಗೆಯುವ ಕಲ್ಲಿನ ಮೇಲೆ ಕೂತು, ಬಲಗಣ್ಣನ್ನು ಅಂಗೈಯಿಂದ ಮುಚ್ಚಿಕೊಂಡು ದಾಸವಾಳದ ಕಡೆ ತಿರುಗಿದರು. ಬಹಳ ಹೊತ್ತು ಹಾಗೇ ಇದ್ದರು.

'ಈ ಕಡೆ ಕಣ್ಣಲ್ಲಿ ಏನೂ ಇಲ್ಲ ಕಣೆ. ಗಿಡಾನೂ ಇಲ್ಲ, ಗೋಡೇನೂ ಇಲ್ಲ.'

ನಾನು ಬಟ್ಟೆ ಬಿಟ್ಟು ಎದ್ದೆ. ಅವರು ಮಾತ್ರ ಶಾಂತವಾಗಿದ್ದರು. ಕಾಫಿ ಹೊತ್ತಿಗೆ ಗಂಡನಿಗೆ ಹೇಳುತ್ತೇನೆ, ನೀನೂ ಬಾ ಎಂದರು. ಹೋದೆ. ಶಿರಸ್ತೇದಾರರು ಪೇಪರ್ ಮಡಚಿ, ಹೆಂಡತಿಯ ಕಣ್ಣನ್ನು ದೀಪದ ಬೆಳಕಿನಲ್ಲಿ ನೋಡಿ, ಪೊರೆ ಎಂದರು. ಅವರ ಆಫೀಸಿನಲ್ಲಿದ್ದ ಒಬ್ಬರಿಗೂ ಹೀಗೇ ಆಗಿತ್ತಂತೆ. ಪೊರೆ ಇನ್ನೂ ಎಳಸು, ಹಣ್ಣಾಗಬೇಕು, ಹಣ್ಣಾಗದೆ ಡಾಕ್ಟರು ಮುಟ್ಟುವುದಿಲ್ಲ ಎಂದು ನಮಗಿಬ್ಬರಿಗೂ ತಿಳಿಹೇಳಿದರು. ಅಲ್ಲದೆ ಇದು ಆಷಾಢ.

'ಆಷಾಢದಲ್ಲಿ ಕಣ್ಣಿಗೆ ಕತ್ತರಿ ಹಾಕಿಸ್ತಾರೇನಮ್ಮ ಯಾರಾದ್ರೂ? ಶ್ರಾವಣ ಬರ್ಲಿ. ಒಳ್ಳೇ ದಿನ ನೋಡಿ ಮಾಡಿಸೋಣ.'

ನಮ್ಮ ತಾತನಿಗೆ ಪೊರೆ ಬಂದಾಗ ವರ್ಷಗಟ್ಟಲೆ ಮಂಜು ಮಂಜಾಗಿ ಬಂದಿತ್ತು, ಹೀಗೆ ರಾತ್ರಿ ಇದ್ದ ಕಣ್ಣು ಬೆಳಗ್ಗೆ ಹೋಗಿರಲಿಲ್ಲ, ಒಮ್ಮೆ ಬರೀ ತೋರಿಸಿಕೊಂಡಾದರೂ ಬನ್ನಿ ಸಾರ್, ಬೇಕಿದ್ದರೆ ನಮ್ಮ ಮನೆಯವರು ಆಟೋ ಕರೆತರುತ್ತಾರೆ ಎಂದೆ. ಅವರು ಬೇಸರಪಡಲಿಲ್ಲ. ನಗುಮುಖದಲ್ಲೇ, 'ನೀನು ಕಣ್ಣಿನ ಡಾಕ್ಟ್ರಿಗೆ ಓದಿದ್ದು ನಂಗೆ ಗೊತ್ತೇ ಇರ್ಲಿಲ್ವಲ್ಲಮ್ಮ' ಎಂದರು. ಬಾಡಿಗೆಗಿರುವವಳು ಅಲ್ಲಿಂದ ಮುಂದೆ ಏನು ಮಾತಾಡಬೇಕು? ಅಂದು ಸಂಜೆ ನಮ್ಮ ಮನೆಯವರೂ ಹೋಗಿ ಹೇಳಿ ನೋಡಿದರು. ಅವರಿಗೂ ಒಂದು ಲೋಟ ಕಾಫಿ ಕೊಟ್ಟು, ಅದೇ ಆಫೀಸಿನವರ ಕಥೆ ಹೇಳಿ ಕಳಿಸಿದರು.

ಹಿತ್ತಿಲಿನಲ್ಲಿ ನಾವಿಬ್ಬರೂ ಬೇರೆ ದಾರಿ ಹುಡುಕಿದೆವು. ಆಷಾಢದ ಶುಕ್ರವಾರಗಳಲ್ಲಿ ಶಿರಸ್ತೇದಾರರು ತಪ್ಪದೆ ಚಾಮುಂಡಿ ಬೆಟ್ಟಕ್ಕೆ ಹೋಗುತ್ತಿದ್ದರು. ಬೆಳಕು ಹರಿಯುವ ಮೊದಲೇ ಹೊರಟರೆ, ಆ ಜನದಲ್ಲಿ ದರ್ಶನ ಮುಗಿಸಿ ಬರುವಷ್ಟರಲ್ಲಿ ಊಟದ ಹೊತ್ತು ಮೀರುತ್ತಿತ್ತು. ಬರುವ ಶುಕ್ರವಾರ ಅವರು ಅತ್ತ ಹೋದ ಮೇಲೆ ನಾವು ಇತ್ತ ಕಣ್ಣಿನ ಆಸ್ಪತ್ರೆಗೆ ಹೋಗಿ ಬಂದುಬಿಡುವುದು. ಎಲ್ಲಿಗೆ ಹೋಗಿದ್ದಿರಿ ಎಂದರೆ ದಾರ ತರಲು ಎನ್ನುವುದು. ಓನರಮ್ಮನಿಗೆ ಈ ಕಳ್ಳಾಟದಲ್ಲಿ ಸ್ವಲ್ಪ ಖುಷಿಯೂ ಇತ್ತು. ಮದುವೆಗೆ ಮುಂಚೆ ಹೀಗೇ ಸುಳ್ಳು ಹೇಳಿ ಸಿನಿಮಾಕ್ಕೆ ಹೋಗುತ್ತಿದ್ದುದನ್ನು ಹೇಳಿ ನಕ್ಕರು.

ಅಲ್ಲಿಯವರೆಗೆ ಒಂದೇ ಕಣ್ಣಿನಲ್ಲಿ ಕುಚ್ಚು ಹಾಕಿದರು. ಶ್ರಾವಣದ ಮದುವೆಗೆಂದು ಬಂದಿದ್ದ ಕಡುನೇರಳೆ ಸೀರೆ. ಸೂಜಿಯ ಕಣ್ಣು ಇದ್ದಲ್ಲಿ ದಾರ ಹೋಗುತ್ತಿರಲಿಲ್ಲ, ಪಕ್ಕದಲ್ಲಿ ಗಾಳಿಗೆ ಹೋಗುತ್ತಿತ್ತು. ಮಣಿ ಹಿಡಿಯಲು ಹೋದರೆ ಬೆರಳು ಮಣಿಯ ಮುಂದೆಯೇ ಕೂಡಿಕೊಳ್ಳುತ್ತಿತ್ತು. ನಾನು ಪೋಣಿಸಿಕೊಡುತ್ತಿದ್ದೆ, ಅವರು ಗಂಟು ಹಾಕುತ್ತಿದ್ದರು. ನೇರಳೆ ಬಣ್ಣ ಸರಿಯಾಗಿ ಹೊಂದಿದೆಯಾ ಎಂದು ಪದೇ ಪದೇ ಬಿಸಿಲಿಗೆ ಹಿಡಿದು ನೋಡುತ್ತಿದ್ದರು. ಹೊಂದಿತ್ತು.

ಶುಕ್ರವಾರ ಬೆಳಗಿನ ಜಾವ ನಾನು ಸ್ನಾನ ಮಾಡಿ, ತಿಂಡಿ ಡಬ್ಬಿಗೆ ಹಾಕಿಟ್ಟು, ಹಿತ್ತಿಲ ಬಾಗಿಲು ತೆಗೆದೆ. ಓನರಮ್ಮ ಆಗಲೇ ಎದ್ದು ರೇಷ್ಮೆ ಸೀರೆ ಉಟ್ಟು, ತಲೆತುಂಬ ಹೂವು ಮುಡಿದು ನಿಂತಿದ್ದರು. ಆಸ್ಪತ್ರೆಗೆ ಹೋಗುವವರ ಉಡುಪಲ್ಲ ಅದು. ಒಳಗಿನಿಂದ ಶಿರಸ್ತೇದಾರರು ಚಪ್ಪಲಿ ಹುಡುಕುತ್ತಿದ್ದ ಸದ್ದು ಕೇಳಿಸುತ್ತಿತ್ತು.

ಹಿಂದಿನ ರಾತ್ರಿ ಅವರಿಗೆ ಇದ್ದಕ್ಕಿದ್ದ ಹಾಗೆ ಹೆಂಡತಿಯ ಕಣ್ಣಿನ ಮೇಲೆ ಮರುಕ ಬಂದಿತ್ತು. ಕಣ್ಣಿಗೆಂದು ಹರಕೆ ಹೊತ್ತಿದ್ದರು. ಹರಕೆ ಅಂದ ಮೇಲೆ ಕಣ್ಣಿನ ಒಡತಿಯೂ ಬರಬೇಕಲ್ಲ. ಬರುವುದಿಲ್ಲ ಎನ್ನಲು ಓನರಮ್ಮನಿಗೆ ಕಾರಣ ಸಿಗಲಿಲ್ಲ. ಇದ್ದ ಒಂದೇ ಕಾರಣವನ್ನು ಹೇಳುವಂತಿರಲಿಲ್ಲ.

'ಹಠ ಮಾಡಿದ್ರೆ ಯಾಕೆ ಅಂತ ಕೇಳ್ತಾರೆ ಕಣೆ. ಮುಂದಿನ ವಾರ ಹೋಗೋಣ ಬುಡು. ಇನ್ನೊಂದು ಕಣ್ಣಿದೆಯಲ್ಲ.'

ನಾನು ಮುಂಬಾಗಿಲಿಗೆ ಹೋಗಿ ನಿಂತೆ. ಬೆಟ್ಟದಿಂದ ಇಳಿದವರು ಹಾಗೇ ಆಸ್ಪತ್ರೆಯಲ್ಲಿ ಒಂದು ಸಲ ತೋರಿಸಿಕೊಂಡು ಬನ್ನಿ ಸಾರ್, ಅಮ್ಮನಿಗೆ ತಲೆನೋವು ಬೇರೆ ಬಹಳ ಇದೆ, ನಿಮಗೆ ಹೇಳುವುದಿಲ್ಲ ಅಷ್ಟೆ, ಎಂದು ಹೇಳಿಯೇಬಿಟ್ಟೆ. ಓನರಮ್ಮ ನನ್ನ ಕಡೆ ನೋಡಲಿಲ್ಲ. ಶಿರಸ್ತೇದಾರರ ಮುಖ ಮೊದಲ ಸಲ ಗಂಟಾಯಿತು. ದೇವಿಯ ಹತ್ತಿರ ಹೊರಟು ನಿಂತಾಗ ಆಸ್ಪತ್ರೆಯ ಮಾತು ಬೇಡಮ್ಮ ಎಂದು ಹೇಳಿ, ಹೆಂಡತಿಯ ಕೈಹಿಡಿದು ಮೆಟ್ಟಿಲು ಇಳಿಸಿದರು. ಕೈಹಿಡಿದದ್ದು ಪ್ರೀತಿಯಿಂದಲೇ. ಇವತ್ತಿಗೂ ನನ್ನ ಹೊಟ್ಟೆ ಉರಿಯುವುದು ಅದಕ್ಕೇ.

ಅವರು ವಾಪಸ್ಸು ಬಂದಾಗ ಮಧ್ಯಾಹ್ನ ಕಳೆದಿತ್ತು. ಬೆಳಗಿನಿಂದ ಸಾಲಿನಲ್ಲಿ ನಿಂತು ಓನರಮ್ಮನ ಮುಖ ಬಿಳುಚಿಕೊಂಡಿತ್ತು. ನನಗೆಂದು ಪ್ರಸಾದ ತಂದಿದ್ದರು. ದೇವಿಯನ್ನು ನೋಡಿದಿರಾ ಎಂದು ಕೇಳಿದೆ. 'ಹೂವು ಕಾಣಿಸ್ತು. ಹಳದಿ ಹೂವು... ನೂಕಿಬುಟ್ರು' ಎಂದರು. ತಲೆ ಸಿಡಿಯುತ್ತಿದೆ, ಮಲಗುತ್ತೇನೆ ಎಂದು ಒಳಗೆ ಹೋದರು.

ಮಾರನೆಯ ಬೆಳಗ್ಗೆ ನಾನು ಹಾಲಿನ ಪಾತ್ರೆ ತೊಳೆಯಲು ಹೊರಗೆ ಬಂದೆ. ಓನರಮ್ಮ ಬಟ್ಟೆ ತಂತಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಹಿತ್ತಿಲ ನಡುವೆ ನಿಂತಿದ್ದರು. ಬಿಸಿಲು ಗೋಡೆಯ ಮೇಲಿನಿಂದ ಇಳಿದು ಅವರ ಮುಖದ ಮೇಲೇ ಬಿದ್ದಿತ್ತು. ನನ್ನ ಬಳೆಯ ಸದ್ದಿಗೆ ಕತ್ತು ತಿರುಗಿಸಿದರು.

'ಬೆಳಗಾಯ್ತಾ?' ಎಂದು ಕೇಳಿದರು.

ಆ ದಿನ ನಾನು ಯಾರ ಅಪ್ಪಣೆಯನ್ನೂ ಕೇಳಲಿಲ್ಲ. ನಮ್ಮ ಮನೆಯವರು ಆಟೋ ತಂದರು. ಶಿರಸ್ತೇದಾರರೂ ಪಂಚೆಯಲ್ಲೇ ಬಂದು ಹತ್ತಿದರು. ಕಣ್ಣಿನ ಆಸ್ಪತ್ರೆಯಲ್ಲಿ ಇದ್ದದ್ದು ನಡುವಯಸ್ಸಿನ ಡಾಕ್ಟರಮ್ಮ. ಕಣ್ಣಿಗೆ ಟಾರ್ಚು ಬಿಟ್ಟು, ಯಂತ್ರದ ಮುಂದೆ ಕೂರಿಸಿ ನೋಡಿದರು. ಆಮೇಲೆ ಕಣ್ಣಿನ ವಿಷಯ ಬಿಟ್ಟು ಬೇರೆಯದನ್ನೇ ಕೇಳತೊಡಗಿದರು. ತಲೆ ನೋಯುತ್ತದೆಯಾ? ಬಾಚಿದರೆ ನೋವಾ? ಅಗಿಯುವಾಗ ದವಡೆ ಸೋಲುತ್ತದೆಯಾ? ಬೆಳಗ್ಗೆ ಭುಜ ಹಿಡಿದುಕೊಳ್ಳುತ್ತದೆಯಾ? ಜ್ವರ ಬರುತ್ತಿತ್ತಾ? ತೂಕ ಇಳಿದಿದೆಯಾ? ಪ್ರತಿಯೊಂದಕ್ಕೂ ಓನರಮ್ಮ ಹೂಂ, ಹೂಂ ಎಂದರು. ಎದುರು ಕೂತ ಅಪರಿಚಿತರೊಬ್ಬರು ತಮ್ಮ ಹಿಂದಿನ ತಿಂಗಳುಗಳನ್ನೆಲ್ಲ ಕಂಡವರ ಹಾಗೆ ಕೇಳುತ್ತಿರುವುದು ಅವರಿಗೇ ಆಶ್ಚರ್ಯವಾಗಿತ್ತು. ಡಾಕ್ಟರಮ್ಮ ಕಣತಲೆಯ ಆ ಉಬ್ಬಿದ ನರದ ಮೇಲೆ ಮೆಲ್ಲಗೆ ಬೆರಳಿಟ್ಟರು.

'ಇಷ್ಟೆಲ್ಲಾ ಆಗ್ತಿರೋದು ಯಾರಿಗೂ ಹೇಳ್ಲಿಲ್ವಾಮ್ಮ?'

'ಎಲ್ರಿಗೂ ಹೇಳ್ದೆ. ಒಬ್ಬೊಬ್ರಿಗೆ ಒಂದೊಂದು ಹೇಳ್ದೆ.'

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. ಇವೆಲ್ಲ ಬೇರೆ ಬೇರೆಯಲ್ಲ, ಒಂದೇ ಕಾಯಿಲೆ ಎಂದು ನಮಗೆ ಅರ್ಥವಾಗುವ ಹಾಗೆ ಬಿಡಿಸಿ ಹೇಳಿದರು. ವಯಸ್ಸಾದವರಲ್ಲಿ ಕೆಲವರಿಗೆ ತಲೆಯ ರಕ್ತನಾಳಗಳು ಊದಿಕೊಂಡು ಉರಿಯುತ್ತವಂತೆ. ಒಳಗಿನ ದಾರಿ ಕಿರಿದಾಗುತ್ತ ಬಂದು ಕಣ್ಣಿನ ನರಕ್ಕೆ ರಕ್ತ ನಿಲ್ಲುತ್ತದಂತೆ. ಹಾಗೆ ಹೋದ ದೃಷ್ಟಿ ಸಾಮಾನ್ಯವಾಗಿ ಮರಳುವುದಿಲ್ಲ. ಒಂದು ಕಣ್ಣು ಹೋದರೆ ಇನ್ನೊಂದು ಕೆಲವೇ ದಿನಗಳಲ್ಲಿ ಹೋಗಬಹುದು, ಅದಕ್ಕೇ ಕಾಯುವಂತಿಲ್ಲ, ತಕ್ಷಣ ಸ್ಟೀರಾಯ್ಡ್ ಕೊಡಬೇಕು. ರಕ್ತ ಪರೀಕ್ಷೆಗೆ ಬರೆದರು. ಕಣತಲೆಯ ನರದ ಚೂರು ತೆಗೆದು ಪರೀಕ್ಷೆಗೆ ಕಳಿಸುವುದಾಗಿ ಹೇಳಿದರು. ಅದರ ವರದಿಗೂ ಕಾಯದೆ ಆಗಲೇ ಡ್ರಿಪ್ಪು ಹಾಕಿಸಿದರು.

ಶಿರಸ್ತೇದಾರರು ಅಲ್ಲಿಯವರೆಗೂ ಮೂಲೆಯ ಕುರ್ಚಿಯಲ್ಲಿದ್ದರು.

'ಪೊರೆ ಅಲ್ವೇನಮ್ಮ ಇದು?'

'ಪೊರೆ ಒಂದೇ ರಾತ್ರಿಗೆ ಬರಲ್ಲ ಸಾರ್. ಮೊದಲನೇ ಕಣ್ಣು ಹೋದ ದಿನವೇ ಕರ್ಕೊಂಡು ಬಂದಿದ್ರೆ ಎರಡನೇದನ್ನ ಉಳಿಸ್ಕೊಳ್ಳೋ ಅವಕಾಶ ಇತ್ತು.'

ಡಾಕ್ಟರಮ್ಮ ದನಿ ಏರಿಸಲಿಲ್ಲ. ದನಿ ಏರಿಸಿದ್ದರೆ ಚೆನ್ನಾಗಿತ್ತು ಎಂದು ನನಗೆ ಅನ್ನಿಸಿತು. ಓನರಮ್ಮ ಮಂಚದ ಮೇಲೆ ಮಲಗಿ ಎಲ್ಲವನ್ನೂ ಕೇಳಿಸಿಕೊಂಡರು. ಬೆಟ್ಟದ ಮಾತನ್ನು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಔಷಧಿಯಿಂದ ತಲೆನೋವು ಎರಡೇ ದಿನಕ್ಕೆ ಮಾಯವಾಯಿತು. ದವಡೆ ನೋವು ಹೋಯಿತು. ಭುಜ ಸಲೀಸಾಯಿತು. ಹೂವು ಮುಡಿದರೆ ನೋಯುತ್ತಿರಲಿಲ್ಲ. ಚಪಾತಿ, ಚಕ್ಕುಲಿ ಏನು ಬೇಕಾದರೂ ಅಗಿಯಬಹುದಿತ್ತು. ಎಲ್ಲ ವಾಪಸ್ಸು ಬಂತು, ಕಣ್ಣೊಂದು ಬಿಟ್ಟು. ಇಷ್ಟು ಸುಲಭವಾಗಿ ಹೋಗುವ ನೋವಾಗಿತ್ತಲ್ಲ ಅದು ಎಂದು ನೆನೆಸಿಕೊಂಡರೆ...

ಆಮೇಲಿನ ದಿನಗಳಲ್ಲಿ ಅವರ ಮುಖ ಮಾತ್ರೆಗಳಿಂದ ಊದಿಕೊಂಡು ಗುಂಡಗಾಯಿತು. ಸಕ್ಕರೆ ಕಾಯಿಲೆಯೂ ಬಂತು. ಹಾಸನದಿಂದ ಮಗಳು ಬಂದು ಅತ್ತು, ಅಪ್ಪನ ಜೊತೆ ಜಗಳವಾಡಿ, ಮಕ್ಕಳ ಪರೀಕ್ಷೆಯೆಂದು ಹೊರಟುಹೋದಳು. ಅಡುಗೆಗೆ ಒಬ್ಬ ಹೆಂಗಸು ಬಂದಳು. ಓನರಮ್ಮ ಗೋಡೆ ಹಿಡಿದು ಹಿತ್ತಿಲಿಗೆ ಬರುವುದನ್ನು ಕಲಿತರು. ಮಧ್ಯಾಹ್ನವಾದರೆ ಅದೇ ಮೆಟ್ಟಿಲ ಮೇಲೆ ಕೂರುವರು. ನಿಲ್ಲಿಸಿದ್ದ ಆ ನೇರಳೆ ಸೀರೆಯನ್ನು ಬೆರಳಿನ ಅಂದಾಜಿನಲ್ಲೇ ಮುಗಿಸುತ್ತೇನೆ ಎಂದರು. ಗಂಟು ಬೀಳುತ್ತಿತ್ತು, ಮೊದಲಿನಷ್ಟೇ ಬಿಗಿಯಾಗಿ ಬೀಳುತ್ತಿತ್ತು. ದಾರ ಯಾವ ಬಣ್ಣದ್ದೆಂದು ನಾನು ಹೇಳಬೇಕಾಗಿತ್ತು. ನೇರಳೆ ಎಂದರೆ, ಎಂಥ ನೇರಳೆ ಎನ್ನುವರು. ಬದನೆಕಾಯಿಯದಾ, ನೇರಳೆ ಹಣ್ಣಿನದಾ? ನನಗೆ ಅಷ್ಟು ಬಣ್ಣ ಗೊತ್ತಿರಲಿಲ್ಲ. ಏನೋ ಒಂದು ಹೇಳುತ್ತಿದ್ದೆ. ಅವರಿಗೆ ಗೊತ್ತಾಗುತ್ತಿತ್ತು.

ಆ ಸೀರೆ ಮುಗಿದು ಅಂಗಡಿಗೆ ಹೋದ ಮೇಲೆ ಒಂದು ದಿನ ದಾರದ ಡಬ್ಬಿ ಇರಲಿಲ್ಲ. ಅಡುಗೆಯವಳ ಮಗಳಿಗೆ ಕೊಟ್ಟೆ ಎಂದು ಶಿರಸ್ತೇದಾರರು ಒಳಗಿನಿಂದಲೇ ಹೇಳಿದರು. ಕಾಣದವರಿಗೆ ದಾರ ಯಾಕೆ, ಬೆರಳಿಗೆ ಸೂಜಿ ಚುಚ್ಚಿಕೊಂಡರೆ ಸಕ್ಕರೆ ಇರುವವರಿಗೆ ಗಾಯ ಮಾಯುವುದಿಲ್ಲ ಎಂದು ಡಾಕ್ಟರು ಹೇಳಿದ್ದಾರೆ, ಎಂದರು. ಈಗ ಅವರು ಡಾಕ್ಟರ ಮಾತನ್ನು ಚಾಚೂ ತಪ್ಪದೆ ಪಾಲಿಸುತ್ತಿದ್ದರು. ಓನರಮ್ಮ ಡಬ್ಬಿ ಇರುತ್ತಿದ್ದ ಜಾಗವನ್ನು ಇನ್ನೊಮ್ಮೆ ಸವರಿದರು. ಆಮೇಲೆ ಕೈಗಳನ್ನು ಮಡಿಲಲ್ಲಿ ಒಂದರ ಮೇಲೊಂದು ಇಟ್ಟುಕೊಂಡು ಕೂತರು. ಅಷ್ಟು ವರ್ಷದಲ್ಲಿ ಆ ಕೈಗಳು ಸುಮ್ಮನಿದ್ದುದನ್ನು ನಾನು ಕಂಡದ್ದು ಅದೇ ಮೊದಲು.

ನಾವು ಮಂಡಕಳ್ಳಿಯ ಕಡೆ ಸ್ವಂತ ಮನೆ ಮಾಡಿಕೊಂಡು ಹೊರಟಾಗ, ನನ್ನ ಗೃಹಪ್ರವೇಶದ ಸೀರೆಯ ಸೆರಗನ್ನು ಕೈಗೆ ತೆಗೆದುಕೊಂಡು ಅಂಚನ್ನೆಲ್ಲ ತಡವಿ ನೋಡಿದರು. ಯಾರು ಕುಚ್ಚು ಹಾಕಿದ್ದು, ಗಂಟು ಸಡಿಲ ಎಂದರು. ಆಗೀಗ ಹೋಗಿ ಬರುತ್ತಿದ್ದೆ. ಹೋದಾಗಲೆಲ್ಲ ಬೀದಿಯ ಸುದ್ದಿ ಅವರೇ ನನಗೆ ಹೇಳುತ್ತಿದ್ದರು. ಯಾವ ಅಂಗಡಿ ಮುಚ್ಚಿತು, ಯಾರ ಮನೆಗೆ ಹೊಸ ಸೊಸೆ ಬಂದಳು, ಎಲ್ಲ ಕಿವಿಯಲ್ಲೇ ತಿಳಿದುಕೊಂಡಿರುತ್ತಿದ್ದರು. ಕಣ್ಣಿನ ಮಾತನ್ನು ಒಂದೇ ಒಂದು ಸಲ ಆಡಿದರು. ಗಂಡ ಒಳಗೆ ಮಲಗಿದ್ದರು. 'ಅವತ್ತು ನೀನು ಬಾಗಿಲಲ್ಲಿ ನಿಂತು ಹೇಳ್ದಾಗ, ನಾನೂ ಒಂದು ಮಾತು ಸೇರಿಸಿದ್ರೆ ಆಗ್ತಿತ್ತು. ಅಷ್ಟು ವರ್ಷದಲ್ಲಿ ಅಭ್ಯಾಸವೇ ಆಗ್ಲಿಲ್ಲ ನೋಡು' ಎಂದರು. ಹೇಳಿ, ನನ್ನ ಮಕ್ಕಳ ಊಟ ತಿಂಡಿ ವಿಚಾರಿಸಿದರು.

ಅವರು ಹೋಗಿ ಈಗ ಕೆಲವು ವರ್ಷಗಳಾದವು. ನಿದ್ದೆಯಲ್ಲೇ ಹೋದರಂತೆ. ಸುದ್ದಿ ತಿಳಿದು ನಾನು ತಲುಪುವ ಹೊತ್ತಿಗೆ ಎಲ್ಲ ಮುಗಿದಿತ್ತು. ಹಿತ್ತಿಲಿಗೂ ಹೋಗಲಿಲ್ಲ, ಮುಂಬಾಗಿಲಿನಿಂದಲೇ ಬಂದುಬಿಟ್ಟೆ.

ಹೋದ ತಿಂಗಳು ಮಾರ್ಕೆಟ್ಟಿನಲ್ಲಿ ಶಿರಸ್ತೇದಾರರು ಸಿಕ್ಕಿದರು. ಬೆನ್ನು ಸ್ವಲ್ಪ ಬಾಗಿದೆ, ಮಾತು ಹಾಗೇ ಇದೆ. ಕಪ್ಪು ಕನ್ನಡಕ ಹಾಕಿದ್ದರು. ಪೊರೆ ಆಪರೇಷನ್ನು ಮಾಡಿಸಿಕೊಂಡೆ, ಈಗ ಎಲ್ಲ ಲಕಲಕ ಕಾಣುತ್ತದೆ ಎಂದು ತಕ್ಕಡಿಯ ಮೇಲಿದ್ದ ಟೊಮೇಟೊ ತೋರಿಸಿದರು. ಯಾವಾಗ ಆಯಿತು ಸಾರ್ ಎಂದು ಮಾತಿಗೆ ಕೇಳಿದೆ.

'ಇದೇ ಆಷಾಢದಲ್ಲೇ ಕಣಮ್ಮ. ಆಷಾಢದಲ್ಲಿ ಆಸ್ಪತ್ರೇಲಿ ರಶ್ ಇರಲ್ಲ ನೋಡು, ಫೋನ್ ಮಾಡಿದ ತಕ್ಷಣ ಬನ್ನಿ ಅಂದ್ರು.'

ನಾನು ಅವರ ಕಪ್ಪು ಕನ್ನಡಕವನ್ನೇ ನೋಡುತ್ತ ನಿಂತೆ. ಅವರು ಮುಂದುವರಿಸಿದರು. ಪಾಪ, ನಮ್ಮನೆಯವಳಿಗೂ ಪೊರೆಯೇ ಇದ್ದದ್ದು, ಕುಚ್ಚು ಹಾಕಿ ಹಾಕಿ ಕಣ್ಣು ಹಾಳುಮಾಡಿಕೊಂಡಳು, ಎಷ್ಟು ಹೇಳಿದರೂ ಕೇಳಲಿಲ್ಲ ಎಂದರು. ಪಕ್ಕದಲ್ಲಿ ಸೊಪ್ಪು ಆರಿಸುತ್ತಿದ್ದ ಇನ್ನೊಬ್ಬರು ಲೊಚ್ ಎಂದರು. ಪೊರೆ ಅಲ್ಲ ಸಾರ್, ರಕ್ತನಾಳದ ಉರಿಯೂತ, ಡಾಕ್ಟರು ನಿಮ್ಮ ಮುಂದೆಯೇ ಹೇಳಿದ್ದರು ಎಂದೆ. ದನಿ ಏರಿಸಬಾರದೆಂದುಕೊಂಡರೂ ಏರಿತ್ತು. ಅವರು, ಹಾಂ, ಅದೇ, ಅಂಥದ್ದೇ ಏನೋ ಎಂದು ಚೀಲ ತೆಗೆದುಕೊಂಡು ಹೊರಟರು. ಯಾರ ಸಹಾಯವೂ ಇಲ್ಲದೆ, ಗುಂಡಿ ನೋಡಿ, ಸ್ಕೂಟರು ನೋಡಿ, ರಸ್ತೆ ದಾಟಿದರು.

ಮನೆಗೆ ಬಂದು ಸೊಪ್ಪು ಬಿಡಿಸಲು ಕೂತೆ. ನಮ್ಮ ಮನೆಯವರಿಗೆ ಹೇಳಿದೆ. ವಯಸ್ಸಾಯಿತಲ್ಲ ಅವರಿಗೆ, ಬಿಡು ಎಂದರು. ಮಗಳಿಗೆ ಹೇಳಿದೆ. ಅವಳು ಛೆ ಎಂದಳು, ಫೋನು ಬಂತು, ಎದ್ದು ಹೋದಳು. ಶಿರಸ್ತೇದಾರರ ಆಷಾಢದ ಆಪರೇಷನ್ನಿನ ಈ ಸುದ್ದಿಯನ್ನು ಕೇಳಬೇಕಾಗಿದ್ದವರು ಇವರ್ಯಾರೂ ಅಲ್ಲ. ಓನರಮ್ಮ ಇದ್ದಿದ್ದರೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಇನ್ನೊಂದು ಸಲ ಹೇಳು, ರಶ್ ಇರಲ್ಲ ಅಂದ್ರಾ ಎಂದು ಕೇಳುತ್ತಿದ್ದರು. ನಗು ಮುಗಿದ ಮೇಲೆ ಇಬ್ಬರೂ ಬಹಳ ಹೊತ್ತು ಏನೂ ಮಾತಾಡದೆ ಕೂರುತ್ತಿದ್ದೆವು... ಸೊಪ್ಪೆಲ್ಲ ಬಿಡಿಸಿ ಆಗಿತ್ತು. ದಂಟನ್ನು ಕೈಯಲ್ಲಿ ಹಿಡಿದುಕೊಂಡು ನಾನೊಬ್ಬಳೇ ಕೂತಿದ್ದೆ.